ಆಲಾಪನೆಗೆ ಅಡಗು, ತನಿಗೆ ಗುಡುಗು

ಮಾರ್ಚ್ ೧೧, ಮಂಗಳವಾರ

ಹೆಡ್ ಆಫೀಸಿನವರು ಹೊಸ ವರ್ಷದ ಡೈರಿಯನ್ನು ಇವತ್ತು ಕಳಿಸಿದ್ದಾರೆ. ಹೊಸ ವರ್ಷಕ್ಕೆ ಆಗಲೇ ಕೂಸಿನ ಹಾಗೆ ಕತ್ತು ನಿಂತಿದೆ. ಜನವರಿ, ಫೆಬ್ರವರಿಯ ಹಾಳೆಗಳು ಖಾಲಿ ಉಳಿಯುತ್ತವೆ. ಮುಂದೆ ಯಾರಾದರೂ ಓದಿದರೆ ಆ ಎರಡು ತಿಂಗಳು ನಾನು ಬದುಕಿರಲಿಲ್ಲವೆಂದು ತಿಳಿದಾರು. ತಿಳಿಯಲಿ. ಯಾರೂ ಓದಕೂಡದು ಎಂದೇ ಬರೆಯುತ್ತಿದ್ದೇನೆ.

ಇವತ್ತು ಗೇಟಿನ ಬೋರ್ಡಿಗೆ ನನ್ನ ಮೊದಲ ಪದ್ಯ ಏರಿತು. ನಮ್ಮ ಘಟಕದ ಹೊಗೆಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಕೆಂಪು ಅಂಕಿಗಳಲ್ಲಿ ತೋರಿಸುವ ಬೋರ್ಡು ಅದು. ಇಟ್ಟ ದಿನದಿಂದ ಒಂದು ನರಪಿಳ್ಳೆಯೂ ಓದಿಲ್ಲ. ಅದರ ಕೆಳಗೆ ಒಂದು ಕರಿಹಲಗೆ ತೂಗುಹಾಕಿ ದಿನಕ್ಕೊಂದು ಪ್ರಾಸ ಬರೆಯುತ್ತೇನೆ ಅಂದೆ. ಪ್ಲಾಂಟ್ ಮ್ಯಾನೇಜರ್ ನಚಿಕೇತ, ವಯಸ್ಸು ಮೂವತ್ತು ದಾಟಿಲ್ಲ, "ಸಖತ್ ಐಡಿಯಾ ಮೇಡಂ" ಅಂದ.

ಕಲ್ಲಿದ್ದಲ ಕಪ್ಪಿಲ್ಲ, ಬೂದಿಯ ರಾಶಿಯಿಲ್ಲ;
ಬೆಳಕು ಬೇಕೆಂದವರಿಗೆ ಬೇರೆ ದಾರಿಯಿಲ್ಲ.

ಎರಡನೆಯ ಸಾಲು ಸ್ವಲ್ಪ ಹೆದರಿಸಿದಂತಿದೆ ಎಂದು ನಚಿಕೇತನಿಗೆ ಅನುಮಾನ. ಜೆ.ಪಿ. ನಗರದ ಜನ ಇದಕ್ಕೆಲ್ಲ ಹೆದರುವುದಿಲ್ಲ ಎಂದು ಧೈರ್ಯ ಹೇಳಿದೆ.

ಸಂಧ್ಯಾದೀಪ ಪವರ್ ಕಂಪನಿಗೆ ನಾನು ಸೇರಿ ಒಂದು ವರ್ಷವಾಗುತ್ತ ಬಂತು. ಹುದ್ದೆ: ನೆರೆಹೊರೆ ಸಂಪರ್ಕ. ಯೋಗ್ಯತೆ: ಕನ್ನಡ ಮಾಧ್ಯಮದ ಬಿ.ಎ., ಮನೆ ಪಕ್ಕದ ರಸ್ತೆಯಲ್ಲೇ, ಬೈದರೆ ನಗುವ ಅಭ್ಯಾಸ. ನಮ್ಮದು ಪುಟ್ಟ ಘಟಕ. ಪೈಪಿನಲ್ಲಿ ಗ್ಯಾಸ್ ಬರುತ್ತದೆ, ಮೂರು ಇಂಜಿನ್ ಇವೆ. ಹಗಲೆಲ್ಲ ಮಲಗಿರುತ್ತವೆ. ಸಂಜೆ ಊರೆಲ್ಲ ಒಟ್ಟಿಗೆ ಎ.ಸಿ., ಗೀಸರ್, ಟಿ.ವಿ. ಹಾಕಿ ಕರೆಂಟು ಸಾಲದಾದಾಗ ಮಾತ್ರ ಎಬ್ಬಿಸುತ್ತಾರೆ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಬಡಿಸಲು ಕರೆಯುವ ನೆಂಟನ ಹಾಗೆ.

ಸಂಜೆ ಆಯಿತು. ಕಿಟಕಿ ಮುಚ್ಚಬೇಕು. ಸೊಳ್ಳೆ.

ಮಾರ್ಚ್ ೧೯, ಬುಧವಾರ

ಮನೆಯಲ್ಲಿ ಯುದ್ಧ. ನನ್ನವರು, ಅಂದರೆ ಸೇತುರಾಮ್, ಹಗಲು ವಿಮಾ ಕಚೇರಿಯಲ್ಲಿ ಅಧಿಕಾರಿ, ಸಂಜೆ ನಮ್ಮ ಬಡಾವಣೆಯ ರಾಮನವಮಿ ಸಂಗೀತ ಸಮಿತಿಗೆ ಕಾರ್ಯದರ್ಶಿ. ಎರಡನೆಯದರಲ್ಲಿ ಸಂಬಳವಿಲ್ಲ, ಆದ್ದರಿಂದ ಶ್ರದ್ಧೆ ಹೆಚ್ಚು. ಕಚೇರಿಗಳು ಪಾರ್ಕಿನ ಚಪ್ಪರದಲ್ಲಿ. ಅಂದರೆ ಸಂಗೀತ ಕಛೇರಿಗಳು. ಪಾರ್ಕಿನ ಗೋಡೆಗೆ ಅಂಟಿಕೊಂಡೇ ನಮ್ಮ ಎರಡನೇ ನಂಬರ್ ಇಂಜಿನ್.

"ನಿಮ್ಮ ಇಂಜಿನ್ ಗುಂಯ್ ಅನ್ನೋದು ಯಾವ ಶ್ರುತಿ ಗೊತ್ತೇನೆ ನಿಂಗೆ? ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ. ಅದೂ ಒಂದು ಚೂರು ಏರು!" ಅಂದರು.

"ಏರಿದ್ರೆ ಒಳ್ಳೇದಲ್ವೇನ್ರೀ?"

"ನಮ್ಮ ಹುಡುಗಿ ಹಾಡೋದು ಐದೂವರೆಗೆ ಕಣೇ. ಅರ್ಧ ಮನೆ ವ್ಯತ್ಯಾಸ ಅಂದ್ರೆ ಕಿವಿಯೊಳಗೆ ಮರಳು ಹಾಕ್ದಂಗೆ. ಅವಳ ಮೊದಲ್ನೇ ಕಛೇರಿ ಇದು!"

ನಮ್ಮ ಹುಡುಗಿ ತನ್ಮಯಿ ಪಿ.ಯು. ಓದುತ್ತಿದ್ದಾಳೆ. ಏಳು ವರ್ಷದಿಂದ ಸಂಗೀತ. ಈ ಸಲ ಏಪ್ರಿಲ್ ಹದಿನೆಂಟಕ್ಕೆ ಅವಳ ಹೆಸರು ಪಟ್ಟಿಯಲ್ಲಿ ಬಂದಿದೆ. ಕಾರ್ಯದರ್ಶಿಯ ಮಗಳೆಂದು ಯಾರೂ ಆಡಬಾರದು ಎಂದು ನನ್ನವರೇ ಅವಳನ್ನು ಮೂರು ಸಲ ಪರೀಕ್ಷೆ ಮಾಡಿ ಎರಡು ಸಲ ಫೇಲ್ ಮಾಡಿದ್ದರು. ಚಿಕ್ಕಂದಿನಲ್ಲಿ ಅವಳಿಗೆ ಉಬ್ಬಸವಿತ್ತು. ಈಗಿಲ್ಲ. ಇದ್ದರೂ ಒಮ್ಮೊಮ್ಮೆ.

ಪತಿಗೆ ಬೇಕು ಶ್ರುತಿ, ಸತಿಗೆ ಬೇಕು ನೌಕರಿ;
ಹೊತ್ತಿಹೋಯಿತು ಒಲೆಯ ಮೇಲೆ ಹುರುಳಿಕಾಯಿ ತರಕಾರಿ.

ಮಾರ್ಚ್ ೨೫, ಮಂಗಳವಾರ

ಗೆದ್ದೆ! ಇಬ್ಬರ ಕಡೆಯಿಂದಲೂ ಗೆದ್ದೆ. ಚರಿತ್ರೆಯಲ್ಲಿ ಇಂಥ ಸಂಧಾನ ಆಗಿದ್ದು ಕಡಿಮೆ.

ಸಮಿತಿಯವರು ಪಂಚೆ, ಶಲ್ಯ ಸಮೇತ ಪ್ಲಾಂಟಿಗೆ ಬಂದರು. ಬೇಡಿಕೆ: ರಾಮನವಮಿಯಿಂದ ಮೂರು ವಾರ ಸಂಜೆ ಇಂಜಿನ್ ಹಾಕಬಾರದು. ನಚಿಕೇತ ಕೈ ಮುಗಿದ. "ಸಾರ್, ಸಂಜೆ ಹಾಕೋದಕ್ಕೇ ನಾವಿರೋದು. ಎಂಟು ಗಂಟೆಗೆ ನಿಮ್ಮ ಚಪ್ಪರದ ಲೈಟೇ ಹೋದ್ರೆ?"

"ದೀಪ ಹಚ್ಕೊಂಡು ಹಾಡಿಸ್ತೀವಿ" ಅಂದರು ನನ್ನವರು.

"ಮೈಕು?" ಅಂದೆ ನಾನು.

ಮೈಕಿಲ್ಲದ ರಾಮನವಮಿಯನ್ನು ರಾಮನೂ ಒಪ್ಪಲಾರ.

ಆಗ ನನಗೆ ಹೊಳೆಯಿತು. ಮೃದಂಗ ನುಡಿಯುತ್ತಿರುವಾಗ ಇಂಜಿನ್ ಸದ್ದು ಯಾರಿಗೂ ಕೇಳುವುದಿಲ್ಲ. ತೊಂದರೆಯಾಗುವುದು ತಾಳವಿಲ್ಲದೆ ಹಾಡುವಾಗ ಮಾತ್ರ: ರಾಗದ ಆಲಾಪನೆ, ಕೊನೆಯಲ್ಲಿ ಉಗಾಭೋಗ. ಅಷ್ಟು ಹೊತ್ತು ಎರಡನೇ ನಂಬರ್ ನಿಲ್ಲಿಸುವುದು, ಮೃದಂಗ ಶುರುವಾದ ಕೂಡಲೇ ಮತ್ತೆ ಹಾಕುವುದು. ಅದು ಗ್ಯಾಸ್ ಇಂಜಿನ್, ಐದು ನಿಮಿಷದಲ್ಲಿ ಎದ್ದು ಕೂರುತ್ತದೆ. ನಾನು ಚಪ್ಪರದಲ್ಲಿ ಕೂತು ನಚಿಕೇತನಿಗೆ ಮೊಬೈಲಿನಲ್ಲಿ ಸಂಜ್ಞೆ ಕೊಡುವುದು. "ಆ" ಎಂದರೆ ಆಲಾಪನೆ, ನಿಲ್ಲಿಸು. "ತ" ಎಂದರೆ ತಾಳ, ಹಾಕು.

ನಚಿಕೇತ ಹೆಡ್ ಆಫೀಸಿಗೆ ಫೋನ್ ಮಾಡಿದ. ಅವರಿಗೆ ಎಷ್ಟು ಖುಷಿಯಾಯಿತೆಂದರೆ "ಸಂಗೀತಸ್ನೇಹಿ ವಿದ್ಯುತ್ ಘಟಕ" ಎಂದು ಪ್ರಚಾರ ಮಾಡುತ್ತಾರಂತೆ. ಹದಿನೆಂಟನೇ ತಾರೀಕು ದೊಡ್ಡ ಸಾಹೇಬರೇ ಬಂದು ಕೂತು ಕೇಳುತ್ತಾರಂತೆ. ಸಮಿತಿಯವರು ಶಾಲು, ಮೈಸೂರು ಪೇಟ ಎಂದು ಅಲ್ಲೇ ತೀರ್ಮಾನಿಸಿದರು. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದಲ್ಲಿ ಬೇಕಾದರೆ ಮೂರು ಇಂಜಿನ್ನೂ ಜೋರಾಗಿ ಹಾಕಿಕೊಳ್ಳಿ, ಹೇಗೂ ಅರ್ಧ ಸಭೆ ಕಾಫಿಗೆ ಎದ್ದಿರುತ್ತದೆ ಎಂದು ಒಬ್ಬರು ಔದಾರ್ಯ ತೋರಿದರು.

ಆಲಾಪನೆಗೆ ಅಡಗು, ತನಿಗೆ ಗುಡುಗು;
ಸಂಧಾನ ಮಾಡಿದವಳು ಈ ಬೀದಿಯ ಬೆಡಗು.

ಇದನ್ನು ಬೋರ್ಡಿಗೆ ಬರೆಯಲಿಲ್ಲ. ವಯಸ್ಸು ನಲವತ್ತಾರು.

ಏಪ್ರಿಲ್ ೬, ಭಾನುವಾರ, ರಾಮನವಮಿ

ಪಾನಕ, ಕೋಸಂಬರಿ, ಮಜ್ಜಿಗೆ, ಜನ. ಮೊದಲ ಕಛೇರಿ. ನಾನು ಮುಂದಿನ ಸಾಲಿನಲ್ಲಿ ಸೆರಗಿನ ಮರೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಗಾಯಕರು "ತದರಿನ" ಎಂದು ಬಾಯಿ ತೆರೆದರು, ನಾನು "ಆ" ಒತ್ತಿದೆ, ಗೋಡೆಯಾಚೆ ಗುಂಯ್ ಎನ್ನುತ್ತಿದ್ದುದು ತಣ್ಣಗೆ ಕುಸಿಯಿತು. ಇಡೀ ಚಪ್ಪರ ನಿಟ್ಟುಸಿರಿಟ್ಟಿತು. ನನ್ನವರು ತಿರುಗಿ ನನ್ನನ್ನು ನೋಡಿದ ನೋಟವನ್ನು ಇಪ್ಪತ್ತು ವರ್ಷದ ಹಿಂದೆ ಒಮ್ಮೆ ನೋಡಿದ್ದೆ.

ಮೃದಂಗ ಶುರುವಾಯಿತು, "ತ" ಒತ್ತಿದೆ. ಇಂಜಿನ್ ಎದ್ದಿತು. ಚಿಮಣಿಯಿಂದ ತೆಳ್ಳಗೆ ಹಳದಿ ಹೊಗೆ ಹೊರಟು ಸಂಜೆಯ ಬಿಸಿಲಿನಲ್ಲಿ ಚಪ್ಪರದ ಮೇಲೆ ಬಂದು ನಿಂತಿತು. ಹಿಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, "ಆಹಾ, ರಾಮನ ಪೀತಾಂಬರ!" ಅಂದರು. ಕಣ್ಣೊರೆಸಿಕೊಂಡದ್ದು ಭಕ್ತಿಗೆಂದೇ ತಿಳಿದೆ.

ನಾಳೆಯ ಬೋರ್ಡಿಗೆ:

ರಾಮನಿಗೆ ಪೀತಾಂಬರ, ನಮಗೆ ಪಾನಕದ ಲೋಟ;
ಮೇಲೆ ಹೊನ್ನಿನ ಮೋಡ, ಕೆಳಗೆ ಸಂಗೀತದ ಊಟ.

ಏಪ್ರಿಲ್ ೯, ಬುಧವಾರ

ಚಪ್ಪರದಲ್ಲಿ ಕೆಮ್ಮು ಹೆಚ್ಚಾಗಿದೆ. ಸಮಿತಿ ತುರ್ತುಸಭೆ ಸೇರಿ ಪಾನಕಕ್ಕೆ ಹಾಕುವ ಐಸಿನ ಮೇಲೆ ಅನುಮಾನಪಟ್ಟು ಐಸ್ ನಿಲ್ಲಿಸಿತು.

ಏಪ್ರಿಲ್ ೧೦, ಗುರುವಾರ

ಐಸಿಲ್ಲದ ಪಾನಕ ಕುಡಿದೂ ಕೆಮ್ಮಿದರು. ಈಗ ಕೋಸಂಬರಿಯ ಹಸಿಮೆಣಸಿನಕಾಯಿಯ ಮೇಲೆ ಅನುಮಾನ. ಇವತ್ತಿನ ಗಾಯಕಿ ಎರಡನೇ ಆಲಾಪನೆಯನ್ನು ಅರ್ಧಕ್ಕೇ ಮುಗಿಸಿ ಬಿಸಿನೀರು ಕೇಳಿದರು.

ಬೋರ್ಡಿನಲ್ಲಿ ಅಂಕಿ ಇಳಿದಿದೆ! ಹೋದ ತಿಂಗಳಿಗಿಂತ ಕಡಿಮೆ. ಹೆಡ್ ಆಫೀಸಿನಿಂದ ಅಭಿನಂದನೆ ಬಂತು. ನನ್ನ ಕಾಂಟ್ರಾಕ್ಟು ಈ ತಿಂಗಳ ಕೊನೆಗೆ ನವೀಕರಣ, ಒಳ್ಳೆಯ ಶಕುನ.

ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಶರಣಮ್ಮ ಮೆಟ್ಟಿಲಲ್ಲಿ ಸಿಕ್ಕಳು. ಬಾಗಲಕೋಟೆ ಕಡೆಯವಳು, ನಾಲಿಗೆಗೆ ಬಾಗಿಲಿಲ್ಲ.

"ಅಕ್ಕಾರ, ದಿನಾ ಸಂಜಿಮುಂದ ಕಿಟಕಿ ಯಾಕ ಹಾಕ್ಕೋತೀರಿ?"

"ಸೊಳ್ಳೆ ಶರಣಮ್ಮ."

"ನಮ್ಮ ಮ್ಯಾಲಿನ ಮನ್ಯಾಗ ಒಂದೂ ಸೊಳ್ಳಿ ಇಲ್ರಿ. ನಿಮ್ಮ ಪೀತಾಂಬರದಾಗ ಕೆಮ್ಮಿ ಕೆಮ್ಮಿ ಸತ್ತಾವೇನೋ."

ನಕ್ಕೆ. ಸಂಬಳಕ್ಕೆ ನಗುವ ನಗೆ ಮನೆಯ ಮೆಟ್ಟಿಲಿನಲ್ಲೂ ಬರುತ್ತದೆ ಎಂದು ಗೊತ್ತಿರಲಿಲ್ಲ.

ಏಪ್ರಿಲ್ ೧೨, ಶನಿವಾರ

ತನ್ಮಯಿಗೆ ಉಬ್ಬಸ ಮರುಕಳಿಸಿದೆ. ನಿನ್ನೆ ಕಛೇರಿ ಕೇಳಿ ಬಂದವಳು ಅಭ್ಯಾಸಕ್ಕೆ ಕೂತಳು, ಕೃತಿಯ ಒಂದು ಉದ್ದದ ಸಂಗತಿಯಲ್ಲಿ ಮೂರು ಕಡೆ ಉಸಿರಿಗೆ ನಿಂತಳು. ಎದೆಯಲ್ಲಿ ಸಿಳ್ಳೆ. ಬೆಳಗ್ಗೆ ಡಾಕ್ಟರ ಹತ್ತಿರ ಹೋದೆವು. ಸೇದುವ ಔಷಧಿ ಕೊಟ್ಟರು. ಮನೆ ಹತ್ತಿರ ಕಟ್ಟಡದ ಕೆಲಸ, ಫ್ಯಾಕ್ಟರಿ, ಹೊಗೆ ಏನಾದರೂ ಇದೆಯೇ ಎಂದು ಕೇಳಿದರು.

"ಹೊಂಗೆ ಮರ ಇದೆ ಡಾಕ್ಟ್ರೇ. ಈಗ ಹೂ ಉದುರೋ ಕಾಲ" ಅಂದೆ.

ತನ್ಮಯಿ ನನ್ನ ಮುಖ ನೋಡಿದಳು. ಮಾತಾಡಲು ಉಸಿರು ಬೇಕಲ್ಲ.

ಏಪ್ರಿಲ್ ೧೩, ಭಾನುವಾರ

ಹೊಂಗೆ ಮರಕ್ಕೆ ಪ್ರಾಸ ಹುಡುಕಿದೆ. ಸಿಕ್ಕಿದ್ದು ಒಂದೇ, ಅದನ್ನು ಬರೆಯುವುದಿಲ್ಲ.

ಏಪ್ರಿಲ್ ೧೪, ಸೋಮವಾರ

ರಜೆಯಾದರೂ ಪ್ಲಾಂಟಿಗೆ ಹೋದೆ. ನಚಿಕೇತನಿಗೆ ದೋಸೆ ಒಯ್ದಿದ್ದೆ; ಪಾಪ, ಒಂಟಿ ಜೀವ, ಸಿದ್ದಾಪುರದ ರೂಮಿನಲ್ಲಿ ಬ್ರೆಡ್ಡು ತಿಂದು ಬದುಕುತ್ತಾನೆ. ಅವನು ಡಬ್ಬಿ ಬಿಚ್ಚುತ್ತಿರುವಾಗ ಸುಮ್ಮನೆ ಕೇಳಿದೆ: ಬೋರ್ಡಿನ ಅಂಕಿ ಇಳಿಯುತ್ತಿದೆ, ಜನರ ಕೆಮ್ಮು ಏರುತ್ತಿದೆ, ಇದು ಹೇಗೆ?

ಅವನು ಮೇಲಿನ ದೋಸೆ ಎತ್ತಿ ನೋಡಿದ. ಹರಿದಿತ್ತು, ಅಂಚು ಸೀದಿತ್ತು.

"ಇದು ಮೊದಲ್ನೇ ದೋಸೆ ಅಲ್ವಾ ಮೇಡಂ?"

"ಹೌದಪ್ಪ. ಕಾವಲಿ ಕಾದಿರ್ಲಿಲ್ಲ. ಅಂಟ್ಕೊಂಡ್ತು. ನಮ್ಮನೇಲಿ ಯಾರೂ ತಿನ್ನಲ್ಲ."

"ಅದಕ್ಕೇ ನಂಗೆ ತಂದ್ರಾ? ಇರ್ಲಿ. ನಮ್ಮ ಇಂಜಿನ್ನೂ ಇಷ್ಟೇ ಮೇಡಂ. ಚಿಮಣಿಯೊಳಗೆ ಹೊಗೆ ತೊಳೆಯೋ ಜಾಲರಿ ಇದೆಯಲ್ಲ, ಅದು ಬಿಸಿ ಆಗೋವರೆಗೂ ಕೆಲಸ ಮಾಡಲ್ಲ. ಶುರುವಾದಾಗ ನೈಟ್ರೋಜನ್ ಆಕ್ಸೈಡು ಹಂಗಂಗೇ ಹೊರಗೆ ಹೋಗುತ್ತೆ. ಹಳದಿಯಾಗಿ ಕಾಣುತ್ತಲ್ಲ, ಅದೇ. ಬಿಸಿ ಆದ್ಮೇಲೆ ಪರವಾಗಿಲ್ಲ."

ಸಾರಜನಕದ ಆಕ್ಸೈಡು. ಹತ್ತನೇ ಕ್ಲಾಸಿನಲ್ಲಿ ಓದಿದ್ದೆ: ಕೆಂಗಂದು ಬಣ್ಣ, ಘಾಟು ವಾಸನೆ, ಉಸಿರಿಗೆ ಹಾನಿಕರ. ಐದು ಅಂಕದ ಪ್ರಶ್ನೆ. ಕನ್ನಡದಲ್ಲಿ ಓದಿದ್ದಕ್ಕೆ ಮರೆತಿಲ್ಲ. ಕನ್ನಡದಲ್ಲಿ ಓದಿದ್ದಕ್ಕೆ ಚಿಮಣಿಯ ಮೇಲೆ ನೋಡಿದಾಗ ಗುರುತೂ ಸಿಗಲಿಲ್ಲ.

"ಹಾಗಾದ್ರೆ ಬೋರ್ಡಲ್ಲಿ?"

"ಶುರುವಿನ ಹೊತ್ತನ್ನ ಬೋರ್ಡಿನ ಸರಾಸರಿಗೆ ಹಿಡಿಯೋದಿಲ್ಲ. ಕಂಪನಿ ಪದ್ಧತಿ."

"ಮೊದಲ್ನೇ ದೋಸೆ ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ಲ."

"ನಚಿಕೇತ, ನಾವು ದಿನಾ ಸಂಜೆ ಎಷ್ಟು ಸಲ ನಿಲ್ಲಿಸಿ ಹಾಕ್ತಿದೀವಿ?"

ಅವನು ಅಗಿಯುವುದನ್ನು ನಿಲ್ಲಿಸಿದ. ಮೊದಲು ಸಂಜೆಗೊಂದೇ ಸಲ ಹಾಕುತ್ತಿದ್ದದ್ದು. ಈಗ ಪ್ರತಿ ರಾಗಕ್ಕೂ ಒಂದು. ಸಂಜೆಯೆಲ್ಲ ನಾವು ಬರೀ ಮೊದಲನೇ ದೋಸೆ ಹುಯ್ಯುತ್ತಿದ್ದೇವೆ. ಹುಯ್ಯಿ ಎಂದು ಮುಂದಿನ ಸಾಲಿನಲ್ಲಿ ಕೂತು ಹೇಳುತ್ತಿರುವವಳು ಈ ಬೀದಿಯ ಬೆಡಗು.

ಏಪ್ರಿಲ್ ೧೫, ಮಂಗಳವಾರ

ಇವತ್ತೂ ಕೂತೆ. "ಆ" ಒತ್ತಿದೆ, "ತ" ಒತ್ತಿದೆ. ಹಳದಿ ಎಲ್ಲಿಗೆ ಹೋಗುತ್ತದೆಂದು ನೋಡಿದೆ. ಗಾಳಿ ಪಾರ್ಕಿನ ಕಡೆಗೇ. ಮೊದಲು ವೇದಿಕೆ, ಆಮೇಲೆ ಜಾರುಬಂಡೆ, ಆಮೇಲೆ ನಮ್ಮ ಮನೆ.

ಪ್ರಾಸ ಇಲ್ಲ.

ಏಪ್ರಿಲ್ ೧೬, ಬುಧವಾರ

ರಾತ್ರಿ ನನ್ನವರಿಗೆ ದೋಸೆಯ ಕಥೆ ಹೇಳಿದೆ. ಪೂರ್ತಿ ಕೇಳಿ ಕನ್ನಡಕ ಒರೆಸಿದರು.

"ನಿಲ್ಲಿಸೋದು ಬೇಡ, ಒಂದೇ ಸಮ ಓಡಲಿ ಅಂತೀಯಾ?"

"ಅಷ್ಟೇ ರೀ. ಜನ ಬರೋ ಮುಂಚೆ ಒಂದ್ಸಲ ಹಾಕಿ, ಎಲ್ಲ ಮುಗಿದ್ಮೇಲೆ ಆರಿಸೋದು."

"ಚೂಡಾ, ನಮ್ಮ ಸಮಿತಿ ಹುಟ್ಟಿದ ಮೇಲೆ ಗೆದ್ದಿರೋ ಒಂದೇ ಯುದ್ಧ ಇದು. ನೀನೇ ಗೆಲ್ಸಿದ್ದು. ಶುಕ್ರವಾರ ಸಾಹೇಬ್ರಿಗೆ ಪೇಟ ತೊಡಿಸ್ತೀವಿ. ಪೇಟ ಬಂದೂ ಆಗಿದೆ. ಈಗ ಹೋಗಿ, ಸ್ವಾಮಿ, ಸದ್ದು ಮಾಡಿ ಅಂತ ಬೇಡ್ಕೊಳ್ಳೋದಾ?"

ಆಮೇಲೆ ದನಿ ಇಳಿಸಿ, "ಅವಳ ಜೊತೆ ಕಲಿಯೋ ಸಂಹಿತಾಗೆ ಹೇಳಿಟ್ಟಿದೀನಿ. ನಾಳೆ ಒಳಗೆ ತನ್ಮಯಿಗೆ ಉಸಿರು ಸರಿಹೋಗ್ದಿದ್ರೆ ಅವಳೇ ಹಾಡ್ತಾಳೆ. ಕಾರ್ಯದರ್ಶಿ ಮಗಳು ಅಂತ ವೇದಿಕೆ ಮೇಲೆ ಒದ್ದಾಡಿಸೋಕಾಗಲ್ಲ" ಅಂದರು. ಹೇಳುವಾಗ ನನ್ನನ್ನು ನೋಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಹದಿನೆಂಟರ ಸುತ್ತ ಅವರೇ ಹಾಕಿದ್ದ ಕೆಂಪು ಸುತ್ತನ್ನು ನೋಡಿದರು.

ಒಳಗಿನಿಂದ ತನ್ಮಯಿ ಕೂಗಿದಳು: "ನಾನು ಹಾಡ್ತೀನಿ. ಅಪ್ಪಾ, ಅರ್ಧ ಮನೆ ಇಳಿಸ್ಕೊಂಡು ಐದಕ್ಕೆ ಹಾಡ್ಲಾ? ಮೇಲಕ್ಕೆ ಹೋಗೋದು ಸಲೀಸಾಗತ್ತೆ."

"ಐದಕ್ಕಾ? ಅದು ಆ ಇಂಜಿನ್ ಶ್ರುತಿ ಕಣೇ!" ಅಂದರು.

ಅಂದ ಕೂಡಲೇ ನನ್ನ ತಲೆಯಲ್ಲಿ ಏನೋ ಟಣ್ ಎಂದಿತು. ಅವರ ತಲೆಯಲ್ಲಿ ಎನ್ನಲಿಲ್ಲ. ಸಮಿತಿಯ ತಲೆ.

ಏಪ್ರಿಲ್ ೧೭, ಗುರುವಾರ

ಮೂರು ದಿನದಿಂದ ತನ್ಮಯಿಯನ್ನು ಸಂಜೆ ಹೊತ್ತು ಅರೆಕೆರೆಯ ನನ್ನ ಅಕ್ಕನ ಮನೆಯಲ್ಲಿ ಇಟ್ಟಿದ್ದೆ. ಅಲ್ಲೇ ಅಭ್ಯಾಸ. ಸಿಳ್ಳೆ ಕಡಿಮೆಯಾಗಿದೆ. ಅಲ್ಲೂ ಹೊಂಗೆ ಮರ ಇದೆ, ನಮ್ಮದಕ್ಕಿಂತ ದೊಡ್ಡದು. ಅವಳಪ್ಪ ಹೋಗಿ ಕೇಳಿ ಬಂದು, "ಹಾಡಲಿ" ಎಂದರು. ಐದು ಮನೆಗೆ.

ನಚಿಕೇತನೊಂದಿಗೆ ನಡೆದ ಮಾತು:

"ನಾಳೆ ಎರಡನೇ ನಂಬರ್ ಇಂಜಿನ್ನನ್ನ ಪಾರ್ಕಿನ ಗೇಟು ತೆಗೆಯೋ ಮುಂಚೆನೇ ಹಾಕ್ಬಿಡು. ಮಕ್ಕಳು ಬರೋ ಮುಂಚೆ."

"ಮಧ್ಯಾಹ್ನಾನೇನಾ? ಆಗ ನಮ್ಮ ಕರೆಂಟು ಯಾರಿಗೆ ಬೇಕು ಮೇಡಂ? ಗ್ಯಾಸ್ ದಂಡ ಅಂತ ಕೇಳ್ತಾರೆ."

"ಸಾಹೇಬ್ರು ಬರೋ ದಿನ ಕೈ ಕೊಡಬಾರ್ದು ಅಂತ ಟ್ರಯಲ್ ನೋಡ್ದೆ ಅನ್ನು. ಮೆಚ್ಕೋತಾರೆ."

"ಆಮೇಲೆ ಆಲಾಪನೆಗೆ ನಿಲ್ಲಿಸ್ಲೇಬೇಕಲ್ಲ. ಅವರು ಅದನ್ನ ನೋಡೋಕೇ ಬರ್ತಿರೋದು."

"ನಿಂತಿದ್ದನ್ನ ಯಾರಾದ್ರೂ ನೋಡೋಕಾಗುತ್ತಾ ನಚಿಕೇತ? ಅದು ಕಿವಿಗೆ ಬಿಟ್ಟಿದ್ದು."

ಅವನು ಸೂರು ನೋಡಿದ, ಗಡಿಯಾರ ನೋಡಿದ, ಕೊನೆಗೆ ನಾನು ತಂದಿದ್ದ ಡಬ್ಬಿ ನೋಡಿದ. ಇವತ್ತು ಎಲ್ಲವೂ ಎರಡನೇ ದೋಸೆ ಮೇಲ್ಪಟ್ಟವು.

"ನಿಮ್ಮ ಮೆಸೇಜ್ ಬಂದ್ರೆ ನಿಲ್ಲಿಸ್ತೀನಿ. ಬರ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ? ಪಾರ್ಕಲ್ಲಿ ನೆಟ್‌ವರ್ಕ್ ಕಷ್ಟ."

"ತುಂಬಾ ಕಷ್ಟ" ಅಂದೆ.

ಏಪ್ರಿಲ್ ೧೮, ಶುಕ್ರವಾರ

ನಿದ್ದೆ ಬರುವ ಮುಂಚೆ ಎಲ್ಲವನ್ನೂ ಬರೆದುಬಿಡುತ್ತೇನೆ.

ಮಧ್ಯಾಹ್ನ ಪಾರ್ಕಿಗೆ ಬೀಗ ಹಾಕಿರುವಾಗಲೇ ಇಂಜಿನ್ ಎದ್ದಿತು. ಹಳದಿ ಬಂತು, ಖಾಲಿ ಕುರ್ಚಿಗಳ ಮೇಲೆ ಕೂತಿತು, ಹೋಯಿತು. ಸಂಜೆಯ ಹೊತ್ತಿಗೆ ಚಿಮಣಿಯ ಮೇಲೆ ಬರೀ ಬಿಸಿಗಾಳಿ ನಡುಗುತ್ತಿತ್ತು. ಗುಂಯ್ ಮಾತ್ರ ಇದ್ದೇ ಇತ್ತು.

ಸಾಹೇಬರು ಬಂದರು. ಅಚ್ಚ ಬೆಂಗಳೂರಿನವರೇ, ಸಿಲ್ಕ್ ಜುಬ್ಬ. ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂರಿಸಿದರು. "ನೀವೇ ಅಂತೆ ರಿಮೋಟು!" ಅಂದರು. ನಾನು ಮೊಬೈಲು ತೋರಿಸಿದೆ. ಅದು ಆರಿತ್ತು.

ತನ್ಮಯಿ ಕಂದು ಅಂಚಿನ ಹಸಿರು ಸೀರೆಯಲ್ಲಿ ಕೂತಳು. ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ. ವರ್ಣ ಚೆನ್ನಾಗಿ ಹೋಯಿತು. ಆಮೇಲೆ ರಾಗ. ಅವಳು ಬಾಯಿ ತೆರೆಯುವ ಮುಂಚೆ ಪೆಟ್ಟಿಗೆಯ ಕಡೆ ಬಗ್ಗಿ ಏನೋ ತಿರುಗಿಸಿದಳು, ಮತ್ತೆ ತಿರುಗಿಸಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಪಿಟಿಲಿನ ಹುಡುಗಿಯ ಕಿವಿಯಲ್ಲಿ ಒಂದು ಮಾತು. ಪಿಟಿಲಿನವಳು ತಂತಿ ಒಂದು ಕೂದಲೆಳೆ ಬಿಗಿದಳು. ಸಭೆಗೆ ಇದೆಲ್ಲ ಮಾಮೂಲು. ಸಭೆಯ ಅರ್ಧ ಆಯಸ್ಸು ಕಲಾವಿದರು ಶ್ರುತಿ ಮಾಡಿಕೊಳ್ಳುವುದನ್ನು ನೋಡುವುದರಲ್ಲೇ ಹೋಗುತ್ತದೆ.

ನನ್ನವರು ಕಂಬದ ಪಕ್ಕ ನಿಂತು ನನ್ನ ಕಡೆಗೆ ಹುಬ್ಬು ಹಾರಿಸಿದರು: "ಆ" ಕಳಿಸಿದೆಯಾ? ನಾನು ತಲೆಯಾಡಿಸಿದೆ. ತಲೆಯನ್ನು ಯಾವ ದಿಕ್ಕಿಗೆ ಆಡಿಸಿದೆನೆಂದು ಅವರು ಸರಿಯಾಗಿ ನೋಡಲಿಲ್ಲ.

ತನ್ಮಯಿ ಷಡ್ಜ ಹಿಡಿದಳು. ಅದು ಸಿಕ್ಕಿತು. ಎಲ್ಲಿಂದ ಸಿಕ್ಕಿತೆಂದು ಹೇಳಲಾರೆ, ನೆಲದಿಂದ ಬಂದಂತಿತ್ತು, ಕುರ್ಚಿಯ ಕಾಲಿನಿಂದ. ಅವಳು ಆ ಸದ್ದಿನ ಮೇಲೆ ಕಾಲು ಚಾಚಿ ಕೂತಂತೆ ನಿಧಾನವಾಗಿ ಮೇಲೇರಿದಳು. ನಾನು ಅವಳ ಕೊರಳನ್ನೇ ನೋಡುತ್ತಿದ್ದೆ. ಉಸಿರಿಗೆ ನಿಲ್ಲುತ್ತಾಳೆ, ಈಗ ನಿಲ್ಲುತ್ತಾಳೆ, ಈಗ. ನಿಲ್ಲಬೇಕಾದ ಕಡೆ ಮಾತ್ರ ನಿಂತಳು. ಮೇಲಿನ ಷಡ್ಜದಲ್ಲಿ ನಿಂತಾಗ ಹಿಂದಿನ ಸಾಲಿನ ಪೀತಾಂಬರದ ಹಿರಿಯರು "ಭೇಷ್" ಅಂದರು. ಯಾರೂ ಕೆಮ್ಮಲಿಲ್ಲ.

ಸಾಹೇಬರು ನನ್ನ ಕಡೆ ವಾಲಿ ಪಿಸುಗುಟ್ಟಿದರು: "ವಾವ್, ಪಿನ್ ಡ್ರಾಪ್ ಸೈಲೆನ್ಸು! ಇಂಜಿನ್ ಆಫ್ ಆಗಿದ್ದು ಗೊತ್ತೇ ಆಗ್ಲಿಲ್ಲ ನೋಡಿ."

"ಗೊತ್ತಾಗದ ಹಾಗೆ ಮಾಡಿದೀವಿ ಸಾರ್" ಅಂದೆ.

ಸನ್ಮಾನದಲ್ಲಿ ಪೇಟ ತೊಟ್ಟು ಮೈಕ್ ಹಿಡಿದರು. "ಇವತ್ತು ನೀವೆಲ್ಲ ನಿಮ್ಮ ಕಿವಿಯಾರೆ ಕೇಳಿದ್ರಿ, ಅಲ್ಲ, ಕೇಳ್ಲಿಲ್ಲ! ಅದೇ ನಮ್ಮ ಕಂಪನಿಯ ಕೊಡುಗೆ." ಚಪ್ಪಾಳೆ. ಗೋಡೆಯಾಚೆ ಎರಡನೇ ನಂಬರ್ ಇಂಜಿನ್ ತನಗೇ ಸನ್ಮಾನವೆಂಬಂತೆ ಗುಂಯ್ ಎನ್ನುತ್ತಲೇ ಇತ್ತು. ನನ್ನ ಹಿಂದೆ ಶರಣಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಅವಳಿಗೆ ಸಂಗೀತ ಬಾರದು, ಆದ್ದರಿಂದ ಇಂಜಿನ್ ಕೇಳಿಸುತ್ತಿತ್ತು.

ಆಮೇಲೆ ಸಾಹೇಬರು ನನ್ನನ್ನೂ ವೇದಿಕೆಗೆ ಕರೆದು ಒಂದು ಪ್ರಾಸ ಹೇಳಿ ಅಂದರು. ಯೋಚಿಸಿರಲಿಲ್ಲ. ಬಾಯಿಗೆ ಬಂತು:

"ಕಾವಲಿ ಕಾಯುವ ಮುಂಚೆ ಹುಯ್ದ ದೋಸೆ ಅಂಟೀತು, ಸೀದೀತು;
ಎಣಿಸದೆ ಬಿಟ್ಟರೇನಂತೆ, ಮನೆಯೆಲ್ಲ ಹೊಗೆ ತುಂಬೀತು!"

ಊಟದ ಹೊತ್ತಾಗಿದ್ದರಿಂದ ಜನ ಬಹಳ ನಕ್ಕರು. ಸಾಹೇಬರೂ ನಕ್ಕರು. ನಚಿಕೇತ ಮಾತ್ರ ಪಾನಕದ ಲೋಟದೊಳಗೆ ಮುಖವಿಟ್ಟಿದ್ದ.

ಮನೆಗೆ ಬಂದ ಮೇಲೆ ನನ್ನವರು ಕಾಲು ತೊಳೆದು ಕೂತು, "ಎಲ್ಲ ಸರಿ, ಆದ್ರೆ ಇವತ್ತಿನ ತಂಬೂರಿ! ಏನು ನಾದ ಅದು! ಯಾರ ಪೆಟ್ಟಿಗೆ ಪುಟ್ಟಿ?" ಎಂದು ಕೇಳಿದರು.

"ಪೆಟ್ಟಿಗೆ ಆಫ್ ಆಗಿತ್ತಪ್ಪ" ಅಂದಳು ತನ್ಮಯಿ. "ಅದು ಪ್ಲಾಂಟ್ ಜೊತೆ ಗುದ್ದಾಡ್ತಿತ್ತು. ಪ್ಲಾಂಟ್ ಚೂರು ಏರು ಅಲ್ವಾ? ನಾನೂ ಚೂರು ಏರಿಸ್ಕೊಂಡು ಅದರ ಮೇಲೇ ಹಾಡ್ದೆ."

ನನ್ನವರು ನನ್ನನ್ನು ನೋಡಿದರು. ನಾನು ಗಂಜಿಗೆ ಉಪ್ಪು ಹಾಕುತ್ತಿದ್ದೆ. ಹಾಕಿದ್ದನ್ನೇ ಮತ್ತೆ ಹಾಕಿದೆ.

ಆ ಉಪ್ಪು ಗಂಜಿಯನ್ನು ಪೂರ್ತಿ ಕುಡಿದು, "ನಂಗೆ ಅನ್ಸಿತ್ತು, ಚೂರು ಏರಿದೆ ಅಂತ" ಅಂದರು.

ಏಪ್ರಿಲ್ ೨೧, ಸೋಮವಾರ

ದೋಸೆ ಪದ್ಯವನ್ನು ಬೋರ್ಡಿನ ಹಲಗೆಯ ಮೇಲೆ ಬರೆದೆ. ಕೆಳಗೆ ಒಂದು ಸಾಲು ಸೇರಿಸಿದೆ: "ನಿನ್ನೆ ಸಂಜೆಯ ಮೊದಲ ದೋಸೆಗಳು", ಅದರ ಮುಂದೆ ಎಣಿಕೆ. ಕಾವಲುಗಾರ ದ್ಯಾಮಣ್ಣ, "ಮೇಡಂ, ಇಲ್ಲಿ ಕ್ಯಾಂಟೀನ್ ಓಪನ್ ಆಗ್ತೈತಾ?" ಅಂದ. ವಿವರಿಸಿದೆ. ಹೋದವರು ಬಂದವರಿಗೆಲ್ಲ ಅವನು ವಿವರಿಸಿದ. ಅವನ ವಿವರಣೆಯಲ್ಲಿ ಚಟ್ನಿಯೂ ಇತ್ತಂತೆ.

ಏಪ್ರಿಲ್ ೨೪, ಗುರುವಾರ

ಹೆಡ್ ಆಫೀಸಿನಿಂದ ಫೋನು. ಬೋರ್ಡಿನಲ್ಲಿ ದೋಸೆ ಏಕಿದೆ? ಸ್ಥಳೀಯ ಆಹಾರ ಸಂಸ್ಕೃತಿ ಎಂದೆ. ಅಳಿಸಿ ಅಂದರು. ಅಳಿಸಿದೆ.

ಸಂಜೆಯೊಳಗೆ ವಾಕಿಂಗ್ ಹೆಂಗಸರು, ಹಾಲಿನವರು, ಸಮಿತಿಯ ಪಂಚೆಗಳು ಗೇಟಿನ ಮುಂದೆ. "ಇವತ್ತು ಎಷ್ಟು ದೋಸೆ? ಯಾಕೆ ಬರ್ದಿಲ್ಲ?" ಎಲ್ಲರಿಗಿಂತ ಮುಂದೆ ಕಾರ್ಯದರ್ಶಿ ಸೇತುರಾಮ್, ಕಂಕುಳಲ್ಲಿ ಕೊಡೆ. ನನ್ನ ಪರಿಚಯವೇ ಇಲ್ಲದವರ ಹಾಗೆ, "ಮೇಡಂ, ಸಮಿತಿ ಪರವಾಗಿ ಕೇಳ್ತಿದೀನಿ. ಒಂದಕ್ಕಿಂತ ಹೆಚ್ಚಾದ್ರೆ ನಾವು ಒಪ್ಪೋದಿಲ್ಲ" ಅಂದರು.

"ಆಲಾಪನೆಗೆ ನಿಲ್ಲಿಸೋದು ಬೇಡ್ವಾ ಸಾರ್?"

"ಒಂದೇ ಸಮ ಓಡಲಿ. ಶ್ರುತಿ ತಪ್ಪಬಾರ್ದು."

ಕೊನೆಗೆ ನಚಿಕೇತನೇ ಬಂದು ಸುಣ್ಣದ ಕಡ್ಡಿ ತೆಗೆದುಕೊಂಡು ಬರೆದ: ಒಂದು.

ಏಪ್ರಿಲ್ ೩೦, ಬುಧವಾರ

ಕಾಂಟ್ರಾಕ್ಟು ನವೀಕರಿಸಲಿಲ್ಲ. ನಚಿಕೇತ ಮೂತಿ ಉದ್ದ ಮಾಡಿ ಸುದ್ದಿ ಹೇಳಿದ. ಡಬ್ಬಿಯಲ್ಲಿ ಕೊನೆಯ ದೋಸೆ ಕೊಟ್ಟು ಬಂದೆ. ಹಲಗೆ ಮಾತ್ರ ನನ್ನದು, ನನ್ನ ದುಡ್ಡಿನಲ್ಲಿ ತಂದದ್ದು, ಒಯ್ಯುತ್ತೇನೆ ಎಂದೆ. ದ್ಯಾಮಣ್ಣ ಕೊಡಲಿಲ್ಲ. "ಜನ ಹೊಡೀತಾರೆ ಮೇಡಂ" ಅಂದ.

ಮೇ ೨, ಶುಕ್ರವಾರ

ಮಧ್ಯಾಹ್ನ ಆಲಿಕಲ್ಲು ಮಳೆ. ಊರು ತಣ್ಣಗಾಯಿತು, ಯಾರೂ ಎ.ಸಿ. ಹಾಕಲಿಲ್ಲ, ಪ್ಲಾಂಟಿನವರನ್ನು ಯಾರೂ ಎಬ್ಬಿಸಲಿಲ್ಲ. ತರಕಾರಿಗೆ ಹೋದಾಗ ಅವರ ಹಲಗೆ ನೋಡಿದೆ: ಸೊನ್ನೆ.

ಸಂಜೆ ತನ್ಮಯಿ ಅಭ್ಯಾಸಕ್ಕೆ ಕೂತಳು. ಎರಡು ಸಲ ಷಡ್ಜ ಹಿಡಿದು ಬಿಟ್ಟು, "ಅಮ್ಮಾ, ಶ್ರುತಿ ಸಿಕ್ತಿಲ್ಲ" ಅಂದಳು.

"ಪೆಟ್ಟಿಗೆ ಹಾಕ್ಕೋ ಪುಟ್ಟಿ."

ಕಿಟಕಿಗಳನ್ನು ತೆಗೆದೆ. ಮೂರೂ. ಒಂದರ ಅಗುಳಿ ತುಕ್ಕು ಹಿಡಿದಿತ್ತು, ಚಪಾತಿಯ ಲಟ್ಟಣಿಗೆಯಿಂದ ಎರಡು ಏಟು ಕೊಟ್ಟೆ. ಮಣ್ಣಿನ ವಾಸನೆ ಬಂತು. ಹಿಂದೆಯೇ ಸೊಳ್ಳೆಗಳೂ ಬಂದವು, ಬಹಳ ದಿನದಿಂದ ಹೊರಗೆ ಕಾದಿದ್ದವರ ಹಾಗೆ. ಮೇಲಿನಿಂದ ಶರಣಮ್ಮ, "ಅಕ್ಕಾರ, ಸೊಳ್ಳಿ!" ಎಂದು ಕೂಗಿದಳು.

"ಬರ್ಲಿ ಬಿಡು" ಅಂದೆ.

ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ;

ಎರಡನೆಯ ಸಾಲು ಹುಡುಕುತ್ತಾ ಕೂತೆ. ಒಳಗೆ ತನ್ಮಯಿ ಆ ಉದ್ದದ ಸಂಗತಿಯನ್ನು ಎತ್ತಿಕೊಂಡಳು, ಹೋದ ತಿಂಗಳು ಉಸಿರಿಗೆ ಮೂರು ಕಡೆ ನಿಂತಿದ್ದಳಲ್ಲ, ಅದನ್ನೇ. ನಾನೂ ಅವಳ ಜೊತೆ ಉಸಿರು ಹಿಡಿದೆ. ನನಗೆ ಅರ್ಧದಲ್ಲೇ ಸಾಕಾಯಿತು, ಬಿಟ್ಟೆ. ಅವಳು ಇನ್ನೂ ಹಾಡುತ್ತಿದ್ದಳು.